ಸಣ್ಣ ಲೋಹದ ಮಾದರಿಗಳ ಬಲಪರೀಕ್ಷೆ: ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಲ್ಲಿ ಕಬ್ಬು ಪ್ರಮುಖ ಬೆಳೆಯಾಗಿರುತ್ತದೆ. ಹಂಗಾಮಿನ ದಿನಗಳಲ್ಲಿ ಮಸಗುಪ್ಪಿಯಂತಹ ಗ್ರಾಮಗಳಿಂದ ಕಬ್ಬು ತುಂಬಿದ ಟ್ರೇಲರುಗಳು ಹಗಲಿರುಳೆನ್ನದೆ ಸಕ್ಕರೆ ಕಾರ್ಖಾನೆಗಳ ಕಡೆಗೆ ಸಾಗುತ್ತವೆ. ಟ್ರ್ಯಾಕ್ಟರು ಮತ್ತು ಟ್ರೇಲರನ್ನು ಜೋಡಿಸುವುದು ಒಂದೇ ಒಂದು ಉಕ್ಕಿನ ಪಿನ್ನು. ಆ ಪಿನ್ನು ರಸ್ತೆಯ ಮಧ್ಯದಲ್ಲಿ ತುಂಡಾದಲ್ಲಿ ಹಿಂದಿನಿಂದ ಬರುವವರ ಜೀವಕ್ಕೆ ಅಪಾಯವುಂಟಾಗುತ್ತದೆ. ಅದೇ ರೀತಿ ನೀರಾವರಿ ಪಂಪಿನ ಶಾಫ್ಟು, ಬೀಡು ಕಬ್ಬಿಣದ ಪಂಪಿನ ಹೊರಕವಚ, ಬೆಸುಗೆ ಹಾಕಿದ ಕೊಂಡಿ ಮುಂತಾದ ಭಾಗಗಳು ಅಕಾಲದಲ್ಲಿ ಮುರಿದಾಗ, ದೋಷವಿದ್ದುದು ಲೋಹದಲ್ಲಿಯೋ, ತಯಾರಿಕೆಯಲ್ಲಿಯೋ ಅಥವಾ ಬಳಕೆಯಲ್ಲಿಯೋ ಎಂಬ ಪ್ರಶ್ನೆ ಉದ್ಭವಿಸುತ್ತದೆ.

ಇಂತಹ ಪ್ರಶ್ನೆಗೆ ಪ್ರಯೋಗಾಲಯದ ವರದಿಯೇ ಆಧಾರ. ಆದರೆ ಅರ್ಜಿದಾರರ ಕೈಯಲ್ಲಿ ಉಳಿದಿರುವುದು ಅನೇಕ ವೇಳೆ ಬೆರಳಿನ ಗಾತ್ರದ ಒಂದು ತುಂಡು ಮಾತ್ರ. ಅಷ್ಟು ಸಣ್ಣ ತುಂಡಿನಿಂದ ಲೋಹದ ಬಲವನ್ನು ಅಳೆಯಲು ಸಾಧ್ಯವೇ, ಹಾಗೆ ಅಳೆದ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಮತ್ತು ಮಾದರಿಯನ್ನು ಸಲ್ಲಿಸುವಾಗ ಯಾವ ಎಚ್ಚರಿಕೆಗಳನ್ನು ವಹಿಸಬೇಕು ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಪುಟದಲ್ಲಿ ವಿವರಿಸಲಾಗಿದೆ.

1. ಸಾಮಾನ್ಯ ಬಲಪರೀಕ್ಷೆ

ಲೋಹದ ಬಲವನ್ನು ಅಳೆಯುವ ರೂಢಿಯ ವಿಧಾನವೆಂದರೆ ಎಳೆತ ಪರೀಕ್ಷೆ. ಭಾರತೀಯ ಮಾನಕ ಐಎಸ್ 1608 ಈ ಪರೀಕ್ಷೆಯ ಕ್ರಮವನ್ನು ನಿಗದಿಪಡಿಸುತ್ತದೆ. ಲೋಹದಿಂದ ಒಂದು ಸರಳನ್ನು ಕಡೆದು, ಅದರ ಎರಡೂ ತುದಿಗಳನ್ನು ಯಂತ್ರದ ಹಿಡಿತಕ್ಕೆ ಸಿಕ್ಕಿಸಿ, ತುಂಡಾಗುವವರೆಗೆ ಎಳೆಯಲಾಗುತ್ತದೆ. ತಡೆದುಕೊಂಡ ಗರಿಷ್ಠ ಬಲವನ್ನು ಸರಳಿನ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದರೆ ದೊರೆಯುವುದೇ ಎಳೆತದ ಬಲ. ಇದನ್ನು ಮೆಗಾಪಾಸ್ಕಲ್ ಎಂಬ ಮಾನದಲ್ಲಿ ಹೇಳಲಾಗುತ್ತದೆ.

ಉದಾಹರಣೆಗೆ, 10 ಮಿಲಿಮೀಟರ್ ವ್ಯಾಸದ ಸರಳಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 78.5 ಚದರ ಮಿಲಿಮೀಟರ್. ಅದು ಸುಮಾರು 4 ಟನ್ ಎಳೆತಕ್ಕೆ ತುಂಡಾದಲ್ಲಿ ಅದರ ಬಲ ಸುಮಾರು 500 ಮೆಗಾಪಾಸ್ಕಲ್ ಎಂದಾಗುತ್ತದೆ. ಈ ಪರೀಕ್ಷೆಗೆ ಹಿಡಿತದ ಭಾಗಗಳೂ ಸೇರಿ ಗೇಣುದ್ದದ ಸರಳು ಬೇಕಾಗಬಹುದು. ಸ್ವಲ್ಪ ಚಿಕ್ಕ ಸರಳುಗಳನ್ನು ಬಳಸಲು ಅವಕಾಶವಿದ್ದರೂ ಅದಕ್ಕೂ ಒಂದು ಮಿತಿಯುಂಟು.

2. ಸಣ್ಣ ಮಾದರಿಯ ಅವಶ್ಯಕತೆ ಬೀಳುವ ಸಂದರ್ಭಗಳು

ಈ ಕೆಳಕಂಡ ಸಂದರ್ಭಗಳಲ್ಲಿ ದೊಡ್ಡ ಸರಳನ್ನು ಕಡೆಯಲು ಸಾಧ್ಯವಾಗುವುದಿಲ್ಲ.

ಅ) ಮುರಿದ ಭಾಗವೇ ಸಣ್ಣದಾಗಿರುವಾಗ. ಬೋಲ್ಟು, ಪಿನ್ನು, ಸರಪಳಿಯ ಕೊಂಡಿ, ಸ್ಪ್ರಿಂಗು ಇದಕ್ಕೆ ನಿದರ್ಶನ.

ಆ) ಪರೀಕ್ಷಿಸಬೇಕಾದ ಭಾಗ ತೆಳುವಾದ ಪದರವಾಗಿರುವಾಗ. ಗಟ್ಟಿ ಮಾಡಿದ ಮೇಲ್ಮೈ, ಲೋಹದ ಲೇಪ ಅಥವಾ ಬೆಸುಗೆಯ ಪಕ್ಕದಲ್ಲಿ ಕಾವು ತಗುಲಿದ ಕಿರಿದಾದ ಪಟ್ಟಿ ಈ ಬಗೆಯವು.

ಇ) ಬಳಕೆಯಲ್ಲಿರುವ ರಚನೆಯಿಂದ ಹೆಚ್ಚು ಲೋಹವನ್ನು ಕತ್ತರಿಸಿ ತೆಗೆಯುವುದು ಅಪಾಯಕಾರಿಯಾಗಿರುವಾಗ. ಗೋಕಾಕ ಜಲಪಾತದ ಬಳಿ ಘಟಪ್ರಭಾ ನದಿಯ ಮೇಲಿರುವ, ಸುಮಾರು 200 ಮೀಟರ್ ಉದ್ದದ ತೂಗು ಸೇತುವೆಯನ್ನು ಈ ಭಾಗದವರೆಲ್ಲರೂ ಬಲ್ಲರು. ಅಂತಹ ಹಳೆಯ ರಚನೆಯ ಲೋಹ ಹೇಗಿದೆಯೆಂದು ತಿಳಿಯಲು ಅದರಿಂದಲೇ ಗೇಣುದ್ದದ ತುಂಡನ್ನು ಕತ್ತರಿಸಿದರೆ ಪರೀಕ್ಷೆಯೇ ಹಾನಿಗೆ ಕಾರಣವಾಗುತ್ತದೆ.

ಇಂತಹ ಸಂದರ್ಭಗಳಲ್ಲಿ ಸೂಕ್ಷ್ಮದರ್ಶಕದ ಅಡಿಯಲ್ಲಿ ನಡೆಸುವ ಪರೀಕ್ಷೆಗಳು ಉಪಯುಕ್ತವಾಗಿರುತ್ತವೆ.

3. ಸೂಕ್ಷ್ಮದರ್ಶಕದ ಅಡಿಯಲ್ಲಿ ಗಡಸುತನದ ಪರೀಕ್ಷೆ

ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ವಿಕರ್ಸ್ ಗಡಸುತನ ಪರೀಕ್ಷೆ. ಇದನ್ನು 1920ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ವಿಕರ್ಸ್ ಕಂಪನಿಯಲ್ಲಿ ಸ್ಮಿತ್ ಮತ್ತು ಸ್ಯಾಂಡ್‌ಲೆಂಡ್ ಎಂಬುವರು ರೂಪಿಸಿದರು. ಭಾರತದಲ್ಲಿ ಇದಕ್ಕೆ ಐಎಸ್ 1501 ಮಾನಕವಿದೆ.

ಮೊದಲಿಗೆ ಲೋಹದ ತುಂಡನ್ನು ಬೇಕಲೈಟಿನಂತಹ ಪದಾರ್ಥದಲ್ಲಿ ಕೂರಿಸಿ, ಮೇಲ್ಮೈಯನ್ನು ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಲಾಗುತ್ತದೆ. ನಂತರ ನಾಲ್ಕು ಮುಖಗಳುಳ್ಳ, ಎದುರುಬದುರು ಮುಖಗಳ ನಡುವೆ 136 ಡಿಗ್ರಿ ಕೋನವಿರುವ ವಜ್ರದ ಮೊನೆಯನ್ನು ಗೊತ್ತಾದ ಭಾರದೊಂದಿಗೆ ಲೋಹಕ್ಕೆ ಒತ್ತಲಾಗುತ್ತದೆ. ಮೊನೆಯನ್ನು ಎತ್ತಿದಾಗ ಚೌಕಾಕಾರದ ಒಂದು ಗುಳಿ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಆ ಗುಳಿಯ ಎರಡು ಕರ್ಣಗಳನ್ನು ಅಳೆದು ಸರಾಸರಿ ತೆಗೆಯಲಾಗುತ್ತದೆ. ಲೋಹ ಗಡುಸಾದಷ್ಟೂ ಗುಳಿ ಚಿಕ್ಕದಾಗಿರುತ್ತದೆ.

ಲೆಕ್ಕದ ಕ್ರಮ ಸರಳವಾಗಿದೆ. ಕಿಲೋಗ್ರಾಂನಲ್ಲಿರುವ ಭಾರವನ್ನು 1.854ರಿಂದ ಗುಣಿಸಿ, ಮಿಲಿಮೀಟರಿನಲ್ಲಿರುವ ಕರ್ಣದ ವರ್ಗದಿಂದ ಭಾಗಿಸಬೇಕು. 300 ಗ್ರಾಂ ಭಾರಕ್ಕೆ 50 ಮೈಕ್ರಾನ್, ಅಂದರೆ 0.05 ಮಿಲಿಮೀಟರ್ ಕರ್ಣದ ಗುಳಿ ಬಿದ್ದಲ್ಲಿ ಗಡಸುತನ 222 ಎಂದು ಬರುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಈ ಗುಳಿಯ ಆಳ ಕೇವಲ 7 ಮೈಕ್ರಾನ್ ಆಗಿರುತ್ತದೆ. ಆದುದರಿಂದ ಅಕ್ಕಿಕಾಳಿನಷ್ಟು ಲೋಹವಿದ್ದರೂ ಹಲವು ಬಾರಿ ಅಳೆಯಲು ಸಾಧ್ಯ.

ಸಾಮಾನ್ಯ ಉಕ್ಕುಗಳಲ್ಲಿ ಈ ಅಂಕಿಯನ್ನು ಸುಮಾರು 3.2ರಿಂದ ಗುಣಿಸಿದರೆ ಎಳೆತದ ಬಲದ ಸ್ಥೂಲ ಅಂದಾಜು ಸಿಗುತ್ತದೆ. 222ಕ್ಕೆ ಸುಮಾರು 710 ಮೆಗಾಪಾಸ್ಕಲ್. ಇದು ಅಂದಾಜು ಮಾತ್ರ. ಎಳೆತ ಪರೀಕ್ಷೆಯ ಫಲಿತಾಂಶಕ್ಕೆ ಸಮಾನವಲ್ಲ. ಎಲ್ಲಾ ಲೋಹಗಳಿಗೂ ಇದು ಅನ್ವಯಿಸುವುದಿಲ್ಲ.

4. ಇನ್ನೂ ಸಣ್ಣ ಮಾದರಿಗಳು

ವಿಜ್ಞಾನ ಸಂಸ್ಥೆಗಳಲ್ಲಿ ಇದಕ್ಕಿಂತಲೂ ಸಣ್ಣ ಪ್ರಮಾಣದಲ್ಲಿ ಪರೀಕ್ಷೆಗಳು ನಡೆಯುತ್ತವೆ. ವಜ್ರದ ಮೊನೆ ಲೋಹದೊಳಗೆ ಇಳಿಯುತ್ತಿರುವಾಗಲೇ ಭಾರವನ್ನೂ ಆಳವನ್ನೂ ನಿರಂತರವಾಗಿ ದಾಖಲಿಸುವ ವಿಧಾನವನ್ನು ನ್ಯಾನೋ ಇಂಡೆಂಟೇಷನ್ ಎನ್ನುತ್ತಾರೆ. ಈ ದಾಖಲೆಯಿಂದ ಗಡಸುತನವನ್ನು ಲೆಕ್ಕ ಹಾಕುವ ಕ್ರಮವನ್ನು ಆಲಿವರ್ ಮತ್ತು ಫಾರ್ 1992ರಲ್ಲಿ ಪ್ರಕಟಿಸಿದರು.

2004ರಲ್ಲಿ ಅಮೆರಿಕದ ಮೈಕೆಲ್ ಯೂಕಿಕ್ ಮತ್ತು ಸಂಗಡಿಗರು ಮತ್ತೊಂದು ವಿಧಾನವನ್ನು ಪ್ರಕಟಿಸಿದರು. ಗ್ಯಾಲಿಯಂ ಅಯಾನುಗಳ ಸೂಕ್ಷ್ಮ ಕಿರಣದಿಂದ ಲೋಹದ ಮೇಲ್ಮೈಯಲ್ಲಿ ಕೆಲವೇ ಮೈಕ್ರಾನ್ ದಪ್ಪದ ಕಂಬವನ್ನು ಕೆತ್ತಿ, ಚಪ್ಪಟೆ ತುದಿಯ ವಜ್ರದಿಂದ ಅದನ್ನು ಒತ್ತುವುದೇ ಈ ವಿಧಾನ. ಮನುಷ್ಯನ ತಲೆಕೂದಲು ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್ ದಪ್ಪವಿರುತ್ತದೆ ಎಂಬುದನ್ನು ನೆನೆದರೆ ಈ ಕಂಬದ ಗಾತ್ರ ತಿಳಿಯುತ್ತದೆ. 5 ಮೈಕ್ರಾನ್ ವ್ಯಾಸದ ಕಂಬದಲ್ಲಿ 500 ಮೆಗಾಪಾಸ್ಕಲ್ ಒತ್ತಡ ಉಂಟಾಗಲು ಸುಮಾರು 1 ಗ್ರಾಂ ಭಾರ ಸಾಕು. ಮೇಲೆ ಹೇಳಿದ 10 ಮಿಲಿಮೀಟರ್ ಸರಳಿಗೆ ಅದೇ ಒತ್ತಡಕ್ಕೆ 4 ಟನ್ ಬೇಕಾಗಿತ್ತು.

ನಮ್ಮ ರಾಜ್ಯದಲ್ಲಿಯೂ ಇಂತಹ ಸಂಶೋಧನೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ. ನಾಗಮಣಿ ಜಯ, ವಿಕ್ರಮ್ ಜಯರಾಮ್ ಮತ್ತು ಸಂಜಯ್ ಬಿಸ್ವಾಸ್ ಅವರು ಗ್ಯಾಸ್ ಟರ್ಬೈನಿನ ಅಲಗುಗಳಿಗೆ ಹಚ್ಚುವ ಲೋಹಲೇಪದ ಬಿರುಕು ತಡೆಯುವ ಶಕ್ತಿಯನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ಈ ಲೇಪ ಬಹಳ ತೆಳುವಾದದ್ದು. ಮೇಲಿನಿಂದ ಕೆಳಕ್ಕೆ ಹೋದಂತೆ ಅದರಲ್ಲಿರುವ ಧಾತುಗಳ ಪ್ರಮಾಣವೂ ಬದಲಾಗುತ್ತದೆ. ಆದಕಾರಣ ಅದರಿಂದ ಸಾಮಾನ್ಯ ಸರಳನ್ನು ಕಡೆಯಲು ಬರುವುದಿಲ್ಲ. ಸಂಶೋಧಕರು ಲೇಪದಲ್ಲಿಯೇ ಎರಡೂ ತುದಿಗಳಲ್ಲಿ ಬಿಗಿದಿರುವ ಸೂಕ್ಷ್ಮ ತೊಲೆಗಳನ್ನು ಕೆತ್ತಿ, ಅವುಗಳಲ್ಲಿ ಒಂದು ಸೀಳುಗಾಯ ಮಾಡಿ, ನಡುವೆ ಒತ್ತಿ ಬಾಗಿಸಿ, ಬಿರುಕು ಬೆಳೆಯುವುದನ್ನು ಪರಿಶೀಲಿಸಿದರು. ಅಗಸೆಬಾಗಿಲಿನ ತೊಲೆಯ ಮೇಲೆ ಭಾರ ಹೇರಿ ನೋಡಿದಂತೆಯೇ ಇದರ ತತ್ವ. ಗಾತ್ರ ಮಾತ್ರ ಅತ್ಯಲ್ಪ.

ಈ ವಿಧಾನಗಳು ಸಂಶೋಧನೆಗೆ ಸೇರಿದವು. ಟ್ರೇಲರಿನ ಪಿನ್ನು ಅಥವಾ ಪಂಪಿನ ಶಾಫ್ಟಿನ ಪರೀಕ್ಷೆಗೆ ಇವುಗಳ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಆದರೆ ಇವುಗಳಿಂದ ತಿಳಿದುಬಂದ ಒಂದು ಸಂಗತಿ ಎಲ್ಲಾ ಅರ್ಜಿದಾರರಿಗೂ ಮುಖ್ಯವಾದುದು.

5. ಸಣ್ಣದು ಹೆಚ್ಚು ಬಲವಾಗಿ ಕಾಣುವುದು ಏಕೆ?

ಒಂದೇ ಲೋಹದ ದೊಡ್ಡ ತುಂಡಿಗಿಂತ ಅತಿ ಸಣ್ಣ ತುಂಡು ಹೆಚ್ಚು ಬಲವುಳ್ಳದ್ದಾಗಿ ಕಂಡುಬರುತ್ತದೆ. 1956ರಲ್ಲಿ ಎಸ್. ಎಸ್. ಬ್ರೆನ್ನರ್ ಅವರು ಕಬ್ಬಿಣದ ಕೂದಲಿನಂತಹ ಅತಿ ತೆಳುವಾದ ಹರಳುಗಳನ್ನು ಎಳೆದಾಗ, ಅವುಗಳಲ್ಲಿ ಒಂದು ಸುಮಾರು 13,000 ಮೆಗಾಪಾಸ್ಕಲ್ ವರೆಗೆ ತಡೆದುಕೊಂಡಿತು. ನಾವು ಬಳಸುವ ಸಾಧಾರಣ ಮೆದು ಉಕ್ಕಿನ ಬಲ 400ರಿಂದ 500 ಮೆಗಾಪಾಸ್ಕಲ್.

ಇದಕ್ಕೆ ಎರಡು ಕಾರಣಗಳನ್ನು ಹೇಳಬಹುದು. ಲೋಹವೆಂಬುದು ಪರಮಾಣುಗಳ ಸಾಲುಗಳಿಂದ ಆದ ಹರಳುಗಳ ಸಮೂಹ. ಸಾಲುಗಳ ಜೋಡಣೆಯಲ್ಲಿ ಅಲ್ಲಲ್ಲಿ ತಪ್ಪುಗಳಿರುತ್ತವೆ. ಡಿಸ್‌ಲೊಕೇಷನ್ ಎಂದು ಕರೆಯಲಾಗುವ ಈ ಸಾಲುತಪ್ಪುಗಳು ಜರುಗುವುದರಿಂದಲೇ ಲೋಹ ಬಾಗುತ್ತದೆ ಎಂಬುದನ್ನು 1934ರಲ್ಲಿ ಟೇಲರ್, ಒರೊವಾನ್ ಮತ್ತು ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳು ಪ್ರತ್ಯೇಕವಾಗಿ ವಿವರಿಸಿದರು. ದೊಡ್ಡ ತುಂಡಿನಲ್ಲಿ ಇಂತಹ ತಪ್ಪುಗಳು ಹೇರಳವಾಗಿದ್ದು, ಸುಲಭವಾಗಿ ಜರುಗುವವು ಮೊದಲು ಜರುಗುತ್ತವೆ. ಕೆಲವೇ ಮೈಕ್ರಾನ್ ಗಾತ್ರದ ತುಂಡಿನಲ್ಲಿ ಅವು ವಿರಳ; ಆದುದರಿಂದ ಬಾಗಿಸಲು ಹೆಚ್ಚು ಬಲ ಬೇಕಾಗುತ್ತದೆ.

ಎರಡನೆಯದಾಗಿ, ದೊಡ್ಡ ವಸ್ತುವಿನಲ್ಲಿ ಬಿರುಕು, ಗಾಳಿಗುಳ್ಳೆ, ಕಿಟ್ಟದ ಕಣ ಇರುವ ಸಂಭವ ಹೆಚ್ಚು. ತೆಳುವಾದ ಗಾಜಿನ ಎಳೆಗಳು ದಪ್ಪ ಗಾಜಿಗಿಂತ ಬಲವಾಗಿರುವುದನ್ನು ಎ. ಎ. ಗ್ರಿಫಿತ್ ಅವರು 1921ರಲ್ಲಿ ಪ್ರಕಟಿಸಿ, ಇದಕ್ಕೆ ಸೂಕ್ಷ್ಮ ಬಿರುಕುಗಳೇ ಕಾರಣವೆಂದು ತೋರಿಸಿದರು. ವಸ್ತು ಮುರಿಯುವುದು ತನ್ನ ಅತಿ ದುರ್ಬಲ ಸ್ಥಳದಲ್ಲಿ. ಸಣ್ಣ ಮಾದರಿಯಲ್ಲಿ ಆ ಸ್ಥಳ ಸೇರಿರದೇ ಹೋಗಬಹುದು.

ಲೆಕ್ಕಪತ್ರಗಳ ಮಾದರಿ ತಪಾಸಣೆಯನ್ನು ಇದಕ್ಕೆ ಹೋಲಿಸಬಹುದು. ವರ್ಷದ ವೋಚರುಗಳಲ್ಲಿ ಒಂದನ್ನು ತೆಗೆದು ನೋಡಿ ಅದು ಸರಿಯಾಗಿದ್ದಲ್ಲಿ, ಆ ವೋಚರು ಸರಿಯಾಗಿದೆ ಎಂದಷ್ಟೇ ಹೇಳಬಹುದು. ಇಡೀ ಖಾತೆ ಸರಿಯಾಗಿದೆ ಎಂದು ಪ್ರಮಾಣೀಕರಿಸಲು ಬರುವುದಿಲ್ಲ.

6. ಎರಡು ನಿದರ್ಶನಗಳು

ಬೀಡು ಕಬ್ಬಿಣ: ಬೆಳಗಾವಿಯು ಎರಕದ ಉದ್ಯಮಕ್ಕೆ ಹೆಸರಾದ ನಗರ. ಬೂದು ಬೀಡು ಕಬ್ಬಿಣದ ಎರಕಗಳಿಗೆ ಐಎಸ್ 210 ಮಾನಕವಿದೆ. ಇದರಲ್ಲಿ ಎಫ್‌ಜಿ 200 ಎಂಬ ದರ್ಜೆಗೆ ಕನಿಷ್ಠ 200 ಮೆಗಾಪಾಸ್ಕಲ್ ಎಳೆತದ ಬಲ ಇರಬೇಕು. ಈ ಕಬ್ಬಿಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಲೋಹದ ನಡುವೆ ಗ್ರಾಫೈಟಿನ ಕಪ್ಪು ಹಾಳೆಗಳು ಕಾಣುತ್ತವೆ. ಹಾಳೆಗಳ ನಡುವಿನ ಲೋಹದ ಮೇಲೆ ವಜ್ರವನ್ನು ಒತ್ತಿದರೆ ಗಡಸುತನ 250ರ ಆಸುಪಾಸು ಬರಬಹುದು. ಉಕ್ಕಿನ ಸೂತ್ರವನ್ನು ಇದಕ್ಕೆ ಅನ್ವಯಿಸಿದರೆ 800 ಮೆಗಾಪಾಸ್ಕಲ್ ಎಂಬ ಉತ್ತರ ಬರುತ್ತದೆ. ಇದು ನಿಜವಾದ ಬಲದ ನಾಲ್ಕು ಪಟ್ಟು! ಗುಳಿಯ ಅಳತೆಯಲ್ಲಿ ತಪ್ಪಿಲ್ಲ. ಆದರೆ ಎರಕವನ್ನು ದುರ್ಬಲಗೊಳಿಸುವ ಗ್ರಾಫೈಟ್ ಹಾಳೆಗಳು ಆ ಅಳತೆಯ ಹೊರಗೆ ಉಳಿದವು. ಆದುದರಿಂದಲೇ ಬೀಡು ಕಬ್ಬಿಣಕ್ಕೆ ದೊಡ್ಡ ಗುಂಡಿನಿಂದ ಒತ್ತುವ ಬ್ರಿನೆಲ್ ಪರೀಕ್ಷೆಯನ್ನು, ಐಎಸ್ 1500 ಮಾನಕದಂತೆ, ಮಾಡಿಸುವುದು ವಾಡಿಕೆ. 10 ಮಿಲಿಮೀಟರ್ ಗುಂಡಿನ ಗುಳಿ ಲೋಹವನ್ನೂ ಗ್ರಾಫೈಟನ್ನೂ ಒಟ್ಟಿಗೆ ಒಳಗೊಳ್ಳುತ್ತದೆ.

ಗಟ್ಟಿ ಮಾಡಿದ ಪಿನ್ನು: ಸವೆತ ತಡೆಯಲು ಕೆಲವು ಪಿನ್ನುಗಳ ಮೇಲ್ಮೈಯನ್ನು ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಹೊರಪದರ ಗಡುಸಾಗಿದ್ದು, ತಿರುಳು ಮೆದುವಾಗಿಯೂ ಚಿವುಟಾಗಿಯೂ ಇರಬೇಕು. ಇಂತಹ ಪಿನ್ನಿನ ಒಟ್ಟು ಬಲವನ್ನು ತಿಳಿಸುವ ಒಂದೇ ಅಂಕಿ ಇಲ್ಲಿ ಉತ್ತರವಾಗಲಾರದು. ಪಿನ್ನನ್ನು ಅಡ್ಡಲಾಗಿ ಕೊಯ್ದು, ಅಂಚಿನಿಂದ ನಡುವಿನ ಕಡೆಗೆ ಸಾಲಾಗಿ ಗುಳಿಗಳನ್ನು ಒತ್ತಿ, ಗಡಸುತನ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ನೋಡಬೇಕು. ಗಟ್ಟಿ ಪದರ ತೀರಾ ತೆಳುವಾಗಿದ್ದರೂ ದೋಷ. ಪಿನ್ನು ತಿರುಳಿನವರೆಗೂ ಗಡುಸಾಗಿ ಪೆಡಸಾಗಿದ್ದರೂ ದೋಷ. ಇಲ್ಲಿ ಸೂಕ್ಷ್ಮ ಪರೀಕ್ಷೆ ತೋರಿಸುವುದನ್ನು ಎಳೆತ ಪರೀಕ್ಷೆ ತೋರಿಸಲಾರದು.

ಮೇಲ್ಕಂಡ ನಿದರ್ಶನಗಳಿಂದ ಸ್ಪಷ್ಟವಾಗುವುದೇನೆಂದರೆ, ಸಣ್ಣ ಮಾದರಿಯ ಅಂಕಿ ಆ ಸ್ಥಳದ ಲೋಹದ ಬಗ್ಗೆ ನಿಜವನ್ನು ಹೇಳುತ್ತದೆ. ಇಡೀ ಭಾಗದ ಬಗ್ಗೆ ಹೇಳಬೇಕಾದಲ್ಲಿ ಮಾದರಿಯನ್ನು ಎಲ್ಲಿಂದ ತೆಗೆಯಲಾಗಿದೆ ಎಂಬ ವಿವರ ಜೊತೆಯಲ್ಲಿರಬೇಕು.

7. ಮಾದರಿ ಸಲ್ಲಿಸುವ ಮುನ್ನ ಪಾಲಿಸಬೇಕಾದ ಕ್ರಮಗಳು

1) ಮುರಿದ ಎರಡೂ ತುಂಡುಗಳನ್ನು ಕಾಯ್ದಿರಿಸತಕ್ಕದ್ದು. ಒಂದು ತುಂಡನ್ನು ಗುಜರಿಗೆ ಹಾಕಿದಲ್ಲಿ ಅರ್ಧ ಸಾಕ್ಷ್ಯ ಕಳೆದಂತಾಗುತ್ತದೆ.

2) ಮುರಿದ ಮುಖವನ್ನು ತಂತಿಬ್ರಶ್ಶಿನಿಂದ ಉಜ್ಜಬಾರದು, ಅರ ಹಾಕಬಾರದು. ಬಹುಕಾಲ ಅಲುಗಾಟಕ್ಕೆ ಸಿಕ್ಕಿ ನಿಧಾನವಾಗಿ ಬೆಳೆದ ಬಿರುಕು ಮುರಿದ ಮುಖದ ಮೇಲೆ ಅಲೆಗಳಂತಹ ಗೆರೆಗಳನ್ನು ಬಿಟ್ಟಿರುತ್ತದೆ. ಈ ಗೆರೆಗಳೇ ಮುಖ್ಯ ದಾಖಲೆ.

3) ಎರಡು ತುಂಡುಗಳು ಹೊಂದುತ್ತವೆಯೇ ಎಂದು ಕೂಡಿಸಿ ನೋಡಬಾರದು. ಮುಖಗಳು ಉಜ್ಜಿ ಗುರುತುಗಳು ಅಳಿಸಿಹೋಗುತ್ತವೆ.

4) ದೊಡ್ಡ ಭಾಗದಿಂದ ತುಂಡನ್ನು ಬೇರ್ಪಡಿಸಲು ಗ್ಯಾಸ್ ಕಟರ್ ಬಳಸಬಾರದು. ಕಾವಿನಿಂದ ಲೋಹದ ಒಳರಚನೆ ಮತ್ತು ಗಡಸುತನ ಬದಲಾಗುತ್ತವೆ. ಕೈಗರಗಸದಿಂದ, ಮುರಿದ ಸ್ಥಳದಿಂದ ಸಾಕಷ್ಟು ದೂರದಲ್ಲಿ, ನಿಧಾನವಾಗಿ ಕೊಯ್ಯುವುದು ಕ್ಷೇಮ. ಸಾಧ್ಯವಿದ್ದಲ್ಲಿ ಕೊಯ್ಯದೆ ಇಡೀ ಭಾಗವನ್ನೇ ಒಯ್ಯತಕ್ಕದ್ದು.

5) ಭಾಗವನ್ನು ಕಳಚುವ ಮೊದಲು ಛಾಯಾಚಿತ್ರ ತೆಗೆದುಕೊಂಡು, ಮೇಲೆ ಕೆಳಗೆ, ಎಡ ಬಲ ಯಾವುದೆಂಬುದನ್ನು ಮುರಿದ ಮುಖದಿಂದ ದೂರದಲ್ಲಿ ಬಣ್ಣದಿಂದ ಗುರುತಿಸತಕ್ಕದ್ದು.

6) ತುಂಡುಗಳನ್ನು ಒಣಗಿಸಿ, ಒಂದಕ್ಕೊಂದು ತಾಗದಂತೆ ಬೇರೆ ಬೇರೆಯಾಗಿ ಸುತ್ತಿ ಇಡತಕ್ಕದ್ದು. ತೇವದಿಂದ ತುಕ್ಕು ಹಿಡಿದಲ್ಲಿ ಮುರಿದ ಮುಖದ ಮೇಲಿನ ಗುರುತುಗಳು ಮಾಸಿಹೋಗುತ್ತವೆ.

7) ದಾಸ್ತಾನಿನಲ್ಲಿ ಅದೇ ತಂಡದ, ಮುರಿಯದ ಮತ್ತೊಂದು ಭಾಗವಿದ್ದಲ್ಲಿ ಹೋಲಿಕೆಗಾಗಿ ಅದನ್ನೂ ಸಲ್ಲಿಸುವುದು ಉಪಯುಕ್ತ.

8) ಖರೀದಿ ರಸೀದಿ, ಎಷ್ಟು ಕಾಲ ಬಳಸಲಾಗಿದೆ, ಎಷ್ಟು ಭಾರ ಹೇರಲಾಗುತ್ತಿತ್ತು, ಹಿಂದೆ ಬೆಸುಗೆ ಅಥವಾ ದುರಸ್ತಿ ಮಾಡಿಸಲಾಗಿತ್ತೇ ಎಂಬ ವಿವರಗಳನ್ನು ಮನವಿಯೊಂದಿಗೆ ಲಗತ್ತಿಸತಕ್ಕದ್ದು. ದುರಸ್ತಿಯ ವಿವರವನ್ನು ಮರೆಮಾಚಿದಲ್ಲಿ ವರದಿ ದಾರಿ ತಪ್ಪುವ ಸಂಭವವಿರುತ್ತದೆ.

ಪ್ರಯೋಗಾಲಯವು ಪರೀಕ್ಷಾ ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ ಎನ್‌ಎಬಿಎಲ್ ಮಾನ್ಯತೆ ಪಡೆದಿದೆಯೇ ಮತ್ತು ತಾವು ಕೋರುವ ನಿರ್ದಿಷ್ಟ ಪರೀಕ್ಷೆ ಆ ಮಾನ್ಯತೆಯ ವ್ಯಾಪ್ತಿಯಲ್ಲಿದೆಯೇ ಎಂಬುದನ್ನು ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಸೂಕ್ತ. "ಪರೀಕ್ಷೆ ಮಾಡಿಕೊಡಿ" ಎಂದಷ್ಟೇ ಬರೆಯದೆ, ಯಾವ ಪ್ರಶ್ನೆಗೆ ಉತ್ತರ ಬೇಕೆಂಬುದನ್ನು ಮನವಿಯಲ್ಲಿ ಸ್ಪಷ್ಟಪಡಿಸಬೇಕು.

8. ವರದಿಯನ್ನು ಓದುವ ಕ್ರಮ

ವಿಕರ್ಸ್ ಗಡಸುತನವನ್ನು "222 ಎಚ್‌ವಿ 0.3" ಎಂಬ ರೀತಿಯಲ್ಲಿ ಬರೆಯಲಾಗುತ್ತದೆ. ಮೊದಲ ಅಂಕಿ ಗಡಸುತನ. ಕೊನೆಯ ಅಂಕಿ ಒತ್ತಿದ ಭಾರ, ಕಿಲೋಗ್ರಾಂನಲ್ಲಿ. ಕೊನೆಯ ಅಂಕಿ ಇಲ್ಲದ ವರದಿ ಅಪೂರ್ಣವೆಂದೇ ತಿಳಿಯತಕ್ಕದ್ದು. 0.3 ಭಾರದಲ್ಲಿ ಪಡೆದ ಅಂಕಿಯನ್ನು 30 ಭಾರದಲ್ಲಿ ಪಡೆದ ಅಂಕಿಯೊಡನೆ ನೇರವಾಗಿ ಹೋಲಿಸಲಾಗದು.

ವರದಿಯಲ್ಲಿ ಎಷ್ಟು ಗುಳಿಗಳನ್ನು ಅಳೆಯಲಾಗಿದೆ, ಅವು ಎಲ್ಲಿವೆ, ಪ್ರತ್ಯೇಕ ಅಂಕಿಗಳೆಷ್ಟು ಎಂಬುದು ನಮೂದಾಗಿರಬೇಕು. ಸರಾಸರಿ ಒಂದನ್ನೇ ಕೊಟ್ಟಿದ್ದಲ್ಲಿ ಬಿಡಿ ಅಂಕಿಗಳನ್ನು ಕೇಳಿ ಪಡೆಯಬಹುದು. ಉಕ್ಕಿನಲ್ಲಿ ಎರಡು ಗುಳಿಗಳ ಕೇಂದ್ರಗಳ ನಡುವೆ ಕರ್ಣದ ಮೂರು ಪಟ್ಟು, ಅಂಚಿನಿಂದ ಎರಡೂವರೆ ಪಟ್ಟು ಅಂತರವಾದರೂ ಇರಬೇಕೆಂಬುದು ನಿಯಮ. ಇದಕ್ಕಿಂತ ಹತ್ತಿರವಿದ್ದಲ್ಲಿ ಒಂದು ಗುಳಿ ಮತ್ತೊಂದರ ಅಳತೆಯನ್ನು ಕೆಡಿಸುತ್ತದೆ.

9. ಗ್ರಾಹಕ ಆಯೋಗದ ಮುಂದೆ ದೂರು

ಖರೀದಿಸಿದ ವಸ್ತುವಿನಲ್ಲಿ ದೋಷವಿದ್ದು, ಪರೀಕ್ಷೆಯಿಲ್ಲದೆ ಅದನ್ನು ನಿರ್ಧರಿಸಲು ಸಾಧ್ಯವಿಲ್ಲದಿದ್ದಲ್ಲಿ, ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ 38ನೇ ಪ್ರಕರಣದ ಅನ್ವಯ ಜಿಲ್ಲಾ ಆಯೋಗವು ವಸ್ತುವಿನ ಮಾದರಿಯನ್ನು ಪಡೆದು, ಮೊಹರು ಮಾಡಿ, ಸೂಕ್ತ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಪ್ರಯೋಗಾಲಯವು 45 ದಿನಗಳೊಳಗೆ ಅಥವಾ ಆಯೋಗವು ವಿಸ್ತರಿಸಿದ ಅವಧಿಯೊಳಗೆ ವರದಿ ಸಲ್ಲಿಸಬೇಕು. ಪರೀಕ್ಷೆಯ ಶುಲ್ಕವನ್ನು ಠೇವಣಿ ಇಡುವಂತೆ ದೂರುದಾರರಿಗೆ ಸೂಚಿಸಬಹುದು.

ಆದುದರಿಂದ ದೂರು ನೀಡುವ ಉದ್ದೇಶವಿರುವವರು ತಾವೇ ಮೊದಲು ಪರೀಕ್ಷೆ ಮಾಡಿಸುವಾಗ ಇಡೀ ತುಂಡು ಖರ್ಚಾಗಿ ಹೋಗದಂತೆ ನೋಡಿಕೊಳ್ಳಬೇಕು. ಎಳೆತ ಪರೀಕ್ಷೆಯಲ್ಲಿ ಮಾದರಿ ನಾಶವಾಗುತ್ತದೆ. ಸೂಕ್ಷ್ಮ ಗಡಸುತನ ಪರೀಕ್ಷೆಗೆ ಸಣ್ಣ ಚೂರು ಸಾಕಾಗುವುದರಿಂದ ಉಳಿದ ಭಾಗವನ್ನು ಆಯೋಗಕ್ಕಾಗಿ ಕಾಯ್ದಿರಿಸಬಹುದು. ಸಣ್ಣ ಮಾದರಿಯ ಪರೀಕ್ಷೆಯಿಂದ ಅರ್ಜಿದಾರರಿಗೆ ದೊರೆಯುವ ದೊಡ್ಡ ಅನುಕೂಲ ಇದೇ ಆಗಿರುತ್ತದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗಡಸುತನ ಹೆಚ್ಚಿದ್ದಲ್ಲಿ ಲೋಹ ಉತ್ತಮವೆಂದು ಅರ್ಥವೇ?
ಉತ್ತರ: ಅಲ್ಲ. ಅತಿ ಗಡುಸಾದ ಲೋಹ ಪೆಡಸಾಗಿ, ಹಠಾತ್ ಹೊಡೆತಕ್ಕೆ ಒಡೆಯಬಹುದು. ಬೆಸುಗೆಯ ಪಕ್ಕದ ಪಟ್ಟಿಯಲ್ಲಿ ಗಡಸುತನ ಏರಿರುವುದು ಅಪಾಯದ ಸೂಚನೆಯಾಗಿರಬಹುದು.

ಪ್ರಶ್ನೆ: ವರದಿಯಲ್ಲಿ ಲೋಹ ಸರಿಯಾಗಿದೆ ಎಂದು ಬಂದರೂ ಪಿನ್ನು ಮುರಿದಿದ್ದೇಕೆ?
ಉತ್ತರ: ಲೋಹ ಸರಿಯಾಗಿದ್ದರೂ ಮಿತಿಮೀರಿದ ಭಾರ, ಕಡಿಮೆ ವ್ಯಾಸ, ಚೂಪಾದ ಮೂಲೆ ಅಥವಾ ಬಹುಕಾಲದ ಅಲುಗಾಟದಿಂದ ಬಿರುಕು ಹುಟ್ಟಬಹುದು. ಇದಕ್ಕೆ ಗಡಸುತನದ ಜೊತೆಗೆ ಮುರಿದ ಮುಖದ ಪರಿಶೀಲನೆಯನ್ನೂ ಕೋರಬೇಕು.

ಪ್ರಶ್ನೆ: ಒಂದೇ ಗುಳಿಯ ಅಳತೆ ಸಾಕೇ?
ಉತ್ತರ: ಸಾಲದು. ಲೋಹದ ಹರಳುಗಳಲ್ಲಿ ಗಡುಸಾದವೂ ಮೆದುವಾದವೂ ಇರುತ್ತವೆ. ಗುಳಿ ಚಿಕ್ಕದಾದಷ್ಟೂ ಅಂಕಿಗಳ ನಡುವಿನ ವ್ಯತ್ಯಾಸ ಹೆಚ್ಚಾಗುವುದರಿಂದ ಹಲವು ಗುಳಿಗಳ ಅಳತೆ ಅವಶ್ಯಕ.

ಪ್ರಶ್ನೆ: ಮುರಿದ ಪಿನ್ನಿಗೆ ಬೆಸುಗೆ ಹಾಕಿಸಿ ಮತ್ತೆ ಬಳಸಬಹುದೇ?
ಉತ್ತರ: ಬಳಸಬಾರದು. ಬೆಸುಗೆಯ ಕಾವಿನಿಂದ ಪಕ್ಕದ ಲೋಹದ ಗುಣ ಬದಲಾಗುತ್ತದೆ, ಸಾಕ್ಷ್ಯವೂ ನಾಶವಾಗುತ್ತದೆ. ಸರಿಯಾದ ಅಳತೆಯ ಹೊಸ ಪಿನ್ನನ್ನೇ ಹಾಕಿಸತಕ್ಕದ್ದು.

ಮುಕ್ತಾಯ

ಅಂಗೈಯಲ್ಲಿ ಹಿಡಿಯುವಷ್ಟು ಲೋಹದ ತುಂಡು ಅಪಘಾತದ ಕಾರಣವನ್ನು ತಿಳಿಸಬಲ್ಲದು, ನ್ಯಾಯಯುತ ಪರಿಹಾರಕ್ಕೆ ಆಧಾರವಾಗಬಲ್ಲದು ಮತ್ತು ಅದೇ ತಂಡದ ಇನ್ನೊಂದು ಪಿನ್ನು ಮುರಿಯುವ ಮೊದಲೇ ಎಚ್ಚರಿಸಬಲ್ಲದು. ಆದರೆ ತುಂಡು ಕೆಡದೆ ಉಳಿದಿರಬೇಕು, ತೆಗೆದ ಸ್ಥಳದ ವಿವರ ಜೊತೆಯಲ್ಲಿರಬೇಕು ಮತ್ತು ವರದಿಯ ಅಂಕಿಯನ್ನು ಅದರ ಮಿತಿಯೊಳಗೆ ಓದಬೇಕು. ಸಾರ್ವಜನಿಕರು, ರೈತರು ಹಾಗೂ ಸಣ್ಣ ಉದ್ಯಮಿಗಳು ಈ ಮಾಹಿತಿಯ ಸದುಪಯೋಗವನ್ನು ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.